ಗೋಡೆಯಲ್ಲಿರುವ ತನಕ ಕಾನೂನಿಗೆ ಕಾಣದ ಬಾಗಿಲು: ಸೊಲ್ಲಾಪುರದ ವಾಡೆಗಳು ಕರಗುತ್ತಿರುವುದೇಕೆ?

ಮೇ ತಿಂಗಳು ಬಂತೆಂದರೆ ಮಹಾರಾಷ್ಟ್ರದ ನಗರಗಳಲ್ಲಿ ನೋಟಿಸಿನ ಹಂಗಾಮು. ಮಳೆ ಶುರುವಾಗುವ ಮೊದಲು, ಬೀಳುವ ಸ್ಥಿತಿಯಲ್ಲಿರುವ ಕಟ್ಟಡಗಳನ್ನು ಗುರುತಿಸಿ, ಖಾಲಿ ಮಾಡಿ, ಕೆಡವಿ ಎಂದು ಮಾಲೀಕರಿಗೆ ತಿಳಿಸುವುದು ಪಾಲಿಕೆಗಳ ವಾಡಿಕೆ. ಸೊಲ್ಲಾಪುರದ ಹಳೆಯ ಭಾಗದಲ್ಲಿ, ಅಂದರೆ ಕಸಬಾ, ಶುಕ್ರವಾರ ಪೇಟೆ, ಬಾಳಿವೇಸ್ ಆಸುಪಾಸಿನ ಓಣಿಗಳಲ್ಲಿ, ಈ ಕಾಗದ ಅಂಟುವುದು ವಾಡೆಯ, ಅಂದರೆ ಹಳೆಯ ದೊಡ್ಡ ಮನೆಯ, ತಲೆಬಾಗಿಲಿಗೆ. ಮಾಲೀಕರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಕೈಗೆ ಕೊಡಲು ಮನೆಯಲ್ಲಿ ಯಾರೂ ಇರುವುದಿಲ್ಲ. ಬಳ್ಳಿ, ಕಮಲ, ಗಿಳಿಸಾಲು ಕೆತ್ತಿದ ಸಾಗವಾನಿ ಕದದ ಮೇಲೆ ಮೈದಾ ಅಂಟಿನಲ್ಲಿ ಕೂತ ಕಾಗದ. ಸ್ವಲ್ಪ ಕಾಲದಲ್ಲಿ ಆ ಕದ ಮಾಯವಾಗುತ್ತದೆ, ಆಮೇಲೆ ಮುಂಗೋಡೆ, ಆಮೇಲೆ ಮನೆ. ಈ ಅನುಕ್ರಮವನ್ನು ಗಮನಿಸಬೇಕು. ಮನೆ ಬಿದ್ದ ಮೇಲೆ ಬಾಗಿಲು ಹೋಗುವುದಲ್ಲ. ಬಾಗಿಲು ಮೊದಲು ಹೋಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಜನರಿಗೆ ಹಳೆಯದರ ಬೆಲೆ ಗೊತ್ತಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. ವಾಡೆಯ ಯಜಮಾನರಿಗೆ ತಮ್ಮ ಅಜ್ಜ ಕಟ್ಟಿಸಿದ ಬಾಗಿಲು ಏನೆಂದು ಚೆನ್ನಾಗಿ ಗೊತ್ತು. ಹಳೆಯ ಮರ ಕೊಳ್ಳುವ ವ್ಯಾಪಾರಿಗೆ ಅದಕ್ಕಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಕಾಯ್ದೆಗಳಿಗೆ ಮತ್ತು ಪಾಲಿಕೆಯ ಕಡತಗಳಿಗೆ. ಗೋಡೆಯಲ್ಲಿ ಕೂತಿರುವ ಬಾಗಿಲನ್ನು ಬಾಗಿಲೆಂದು ನೋಡುವ ಕಣ್ಣು ಅಲ್ಲಿ ಇಲ್ಲ. ಇಡೀ ಸಮಸ್ಯೆಯ ಬೇರು ಇಲ್ಲಿದೆ ಎಂಬುದು ನನ್ನ ವಾದ.

ಹತ್ತಿಯ ದುಡ್ಡು, ಜಾತ್ರೆಯ ದಾರಿ

ಸೊಲ್ಲಾಪುರದ ವಾಡೆಗಳನ್ನು ಪುಣೆಯ ಪೇಶ್ವೆ ಕಾಲದ ವಾಡೆಗಳ ಬಡ ತಮ್ಮಂದಿರೆಂದು ನೋಡುವ ರೂಢಿಯಿದೆ. ಅದು ತಪ್ಪು. ಈ ಊರು ಬಹಮನಿಗಳ ಕೈಯಿಂದ ಬಿಜಾಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ನಡುವೆ ಹರಿದಾಡಿದ ಊರು. ಚಾಂದಬೀಬಿಯ ಮದುವೆಯಲ್ಲಿ ಸೊಲ್ಲಾಪುರದ ಕೋಟೆಯೇ ಬಳುವಳಿಯಾಗಿ ಹೋಗಿತ್ತು. 1818ರಲ್ಲಿ ಥಾಮಸ್ ಮನ್ರೋ ಈ ಕೋಟೆಯನ್ನು ಹಿಡಿದ ಮೇಲೆ ಊರು ಬ್ರಿಟಿಷರದ್ದಾಯಿತು. ಆದರೆ ಇಂದು ಓಣಿಗಳಲ್ಲಿ ಉಳಿದಿರುವ ಹೆಚ್ಚಿನ ಅಲಂಕಾರದ ಮುಂಗೋಡೆಗಳು ರಾಜರದ್ದೂ ಅಲ್ಲ, ಸರದಾರರದ್ದೂ ಅಲ್ಲ. ಅವು ಹತ್ತಿ, ನೂಲು, ಕಾಳುಕಡಿ, ಲೇವಾದೇವಿಯ ದುಡ್ಡಿನವು.

1860ರಲ್ಲಿ ಮುಂಬಯಿ ಕಡೆಯಿಂದ ರೈಲು ಸೊಲ್ಲಾಪುರ ಮುಟ್ಟಿತು. ಆ ಹಳಿ ಮುಂದೆ ರಾಯಚೂರಿಗೆ ಹೋಗಿ ಮದರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. ನಡುವಿನ ವರ್ಷಗಳಲ್ಲಿ ಬಿಜಾಪುರ ಸೀಮೆಯ ಗಾಡಿಗಳಿಗೆ ಇದೇ ಹತ್ತಿರದ ದೊಡ್ಡ ಪೇಟೆ. ಅದೇ ಹೊತ್ತಿಗೆ, 1861ರಿಂದ 1865ರವರೆಗೆ, ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ದಖನ್ನಿನ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. 1870ರ ದಶಕದಲ್ಲಿ ಗಿರಣಿಯೂ ಬಂತು. ಮುಂದಿನ ಐವತ್ತು ಅರವತ್ತು ವರ್ಷ ಊರಿನ ವರ್ತಕರು ಮನೆ ಕಟ್ಟಿದರು. ಅವರಲ್ಲಿ ಕನ್ನಡ ಮನೆಮಾತಿನ ಲಿಂಗಾಯತರು ಬಹಳ. ಗುಜರಾತಿಗಳು, ಮಾರವಾಡಿಗಳು, ತೆಲುಗು ಪದ್ಮಶಾಲಿಗಳೂ ಇದ್ದರು. ಒಂದೇ ಓಣಿಯಲ್ಲಿ ನಾಲ್ಕು ಭಾಷೆ ಆಡುವ ಜನ ಕಟ್ಟಿಸಿದ್ದರಿಂದ ಮನೆಗಳ ಮುಖಗಳೂ ಬೆರಕೆಯಾದವು. ಬಾಗಿಲಿಗೆ ದೇವಾಲಯದ ದ್ವಾರಬಂಧದಂತೆ ಒಂದರೊಳಗೊಂದು ಕೂಡುವ ಪಟ್ಟಿಗಳು, ಅದರ ಸುತ್ತ ಬಿಜಾಪುರದ ಕಡೆಯ ಎಸಳಿನ ಕಮಾನು, ಮೇಲ್ಮಾಳಿಗೆಗೆ ಎರಕದ ಕಬ್ಬಿಣದ ಕಟಾಂಜನ, ನೆತ್ತಿಯ ಮೇಲೆ ಯುರೋಪಿನ ಹೂಕುಂಡವೂ ಸಿಂಹವೂ. ಅಭಿರುಚಿಯ ಶುದ್ಧತೆ ಹುಡುಕುವವರಿಗೆ ಇದು ಕಲಬೆರಕೆ ಅನ್ನಿಸಬಹುದು. ನನಗಂತೂ ಈ ಊರಿನ ಚರಿತ್ರೆಯನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವ ಇನ್ನೊಂದು ದಾಖಲೆ ಕಂಡಿಲ್ಲ.

ಈ ಬೆರಕೆ ಶೈಲಿಯ ದೊಡ್ಡ ಮಾದರಿಯನ್ನು ನೋಡಬೇಕೆಂದರೆ ಇಂದ್ರಭುವನಕ್ಕೆ ಹೋಗಬೇಕು. 20ನೆಯ ಶತಮಾನದ ಆರಂಭದಲ್ಲಿ ವಾರದ ಮನೆತನದ ಅಪ್ಪಾಸಾಹೇಬರು ಕಟ್ಟಿಸಿದ ಈ ಮನೆಯ ಮುಖದಲ್ಲಿ ಗಾರೆಯ ಶಿಲ್ಪಗಳು ತುಂಬಿವೆ. ಅದು ಉಳಿದುಕೊಂಡದ್ದು ಮಹಾನಗರ ಪಾಲಿಕೆಯ ಕಚೇರಿಯಾದ್ದರಿಂದ. ಓಣಿಯೊಳಗಿನ ಅದರ ಚಿಕ್ಕ ಬಂಧುಗಳಿಗೆ ಅಂಥ ಕೆಲಸ ಯಾವುದೂ ಸಿಗಲಿಲ್ಲ.

ಮುಂಗೋಡೆಗಳನ್ನು ಇಷ್ಟು ಸಿಂಗರಿಸಲು ಇನ್ನೊಂದು ಕಾರಣವನ್ನು ಹೊರಗಿನವರು ಮರೆಯುತ್ತಾರೆ. ಇದು ಸಿದ್ಧರಾಮೇಶ್ವರನ ಊರು. ಸಂಕ್ರಾಂತಿಯ ಹೊತ್ತಿಗೆ ಬಾಳಿವೇಸಿನ ಹಿರೇಹಬ್ಬು ವಾಡೆಯಿಂದ ಏಳು ನಂದಿಧ್ವಜಗಳು ಹೊರಡುತ್ತವೆ. ಎಣ್ಣೆಮಜ್ಜನದ ದಿನ ಅವು ಊರ ಸುತ್ತಲಿನ 68 ಲಿಂಗಗಳನ್ನು ಕಂಡು ಬರುತ್ತವೆ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಆಳಿನ ಎತ್ತರವನ್ನು ಎಷ್ಟೋ ಪಾಲು ಮೀರಿದ ಆ ಕೋಲುಗಳು ಇಕ್ಕಟ್ಟಿನ ರಸ್ತೆಯಲ್ಲಿ ಸಾಗುವಾಗ ಮನೆಯ ಕಟ್ಟೆ, ಮೆಟ್ಟಿಲು, ಮೇಲಿನ ಸಜ್ಜೆ ಎಲ್ಲವೂ ನೋಡುವವರ ಗ್ಯಾಲರಿ. ಮೆರವಣಿಗೆ ಬಾಗಿಲ ಮುಂದೆ ಹಾಯುವ ಊರಿನಲ್ಲಿ ಬಾಗಿಲು ಮನೆಯವರಿಗೆ ಮಾತ್ರ ಸೇರಿದ್ದಲ್ಲ. ಖಾಸಗಿ ಗೋಡೆಯ ಹೊರಮೈ ಸಾರ್ವಜನಿಕ ಎಂಬ ತಿಳಿವಳಿಕೆ ಆ ಕಟ್ಟಡಗಳಲ್ಲೇ ಇದೆ. ಆಮೇಲೆ ಬಂದ ಕಾಯ್ದೆಗಳಲ್ಲಿ ಅದು ಇಲ್ಲ.

ಬಾಗಿಲನ್ನು ಹತ್ತಿರದಿಂದ

ಈಗಿನ ಮನೆಗಳಲ್ಲಿ ಗೋಡೆ ಎದ್ದ ಮೇಲೆ ಬಾಗಿಲು ತಂದು ಕೂರಿಸುತ್ತಾರೆ. ವಾಡೆಯಲ್ಲಿ ಹಾಗಲ್ಲ. ಮೊದಲು ಬಾಗಿಲವಾಡ ನಿಲ್ಲಿಸಿ ಪೂಜೆ ಮಾಡಿ, ಆಮೇಲೆ ಅದರ ಎರಡು ಮಗ್ಗುಲಿಗೆ ಗೋಡೆ ಏರಿಸುತ್ತಿದ್ದರು. ಹೊಸ್ತಿಲು ಮತ್ತು ಮೇಲ್ಪಟ್ಟಿ ಎರಡೂ ನಿಲುವುಗಳನ್ನು ದಾಟಿ ಎಡಬಲಕ್ಕೆ ಚಾಚಿಕೊಂಡು ಗೋಡೆಯೊಳಗೆ ಹುದುಗುತ್ತವೆ. ಗೋಡೆಯ ದಪ್ಪ ಎರಡು ಅಡಿಗೂ ಮಿಕ್ಕಿರುವುದರಿಂದ ಕೆತ್ತನೆಯ ಮೇಲ್ಪಟ್ಟಿಯ ಹಿಂದೆ ಒಂದರ ಪಕ್ಕ ಒಂದು ಸಾದಾ ಹಲಗೆಗಳು ಕೂತು ಮೇಲಿನ ಭಾರ ಹೊರುತ್ತವೆ. ಮೂಲೆಗಳಲ್ಲಿ ಮೊಳೆಯಿಲ್ಲ, ತೂತಿಗೆ ಕೊಂಬು ಕೂಡಿಸಿ ಬಿಗಿದ ಜೋಡಣೆ. ಕದಗಳಿಗೆ ಕೀಲುಪಟ್ಟಿಯೂ ಇಲ್ಲ. ಕದದ ಒಂದು ಅಂಚೇ ಮೇಲೂ ಕೆಳಗೂ ಗೂಟವಾಗಿ ಚಾಚಿ, ಕೆಳಗೆ ಕಲ್ಲಿನ ಕುಳಿಯಲ್ಲಿ, ಮೇಲೆ ಮರದ ಬಳೆಯಲ್ಲಿ ತಿರುಗುತ್ತದೆ.

ಮುಂದಿನಿಂದ ಕಾಣುವುದು ಕುಸುರಿ: ಹೊಸ್ತಿಲಿನಿಂದ ಎದ್ದು ನಿಲುವನ್ನು ಹಬ್ಬಿ ಮೇಲ್ಪಟ್ಟಿಯ ನಡುವೆ ಕೂಡುವ ಬಳ್ಳಿ, ನಡುವಿನ ಗಣೇಶಪಟ್ಟಿ, ಕೆಲವು ಕಡೆ ಗಣಪತಿಯ ಜಾಗದಲ್ಲಿ ಲಿಂಗ ಅಥವಾ ನಂದಿ, ಕದದ ಮೇಲೆ ಸಾಲು ಹಿತ್ತಾಳೆ ಹೂವುಗಳು, ದೊಡ್ಡ ಕದದೊಳಗೆ ಬಗ್ಗಿ ಹೋಗಬೇಕಾದ ದಿಂಡಿ ಬಾಗಿಲು. ಒಳಗಿನಿಂದ ನೋಡಿದರೆ ಬೇರೆಯದೇ ಪ್ರಪಂಚ. ಕದದ ಹಿಂದೆ ಅಡ್ಡ ಬೀಳುವ ಅಗಳಿ ಒಂದು ಮಾರು ಉದ್ದದ ಚೌಕನೆಯ ಮರದ ತುಂಡು. ಹಗಲು ಹೊತ್ತು ಅದು ಪೂರ್ತಿ ಗೋಡೆಯೊಳಗಿನ ಪೊಟರೆಯಲ್ಲಿ ಅಡಗಿರುತ್ತದೆ; ರಾತ್ರಿ ಅದನ್ನು ಎಳೆದು ಎದುರು ಗೋಡೆಯ ಕುಳಿಗೆ ಸೇರಿಸುತ್ತಾರೆ. ಅಂದರೆ ಬಾಗಿಲಿನ ಬೀಗವೇ ಗೋಡೆ. ಇಂಥ ಬಾಗಿಲನ್ನು ಕಿತ್ತು ಮಾರಿದಾಗ ಕೊಂಡವರ ಕೈಗೆ ಹೋಗುವುದು ಅದರ ಮುಖ ಮಾತ್ರ. ತಿರುಗುವ ಕುಳಿ, ಅಗಳಿಯ ಪೊಟರೆ, ಹಿಂದಿನ ಹಲಗೆಗಳು ಮಣ್ಣಿನಲ್ಲೇ ಉಳಿಯುತ್ತವೆ. ಮೇಲ್ಪಟ್ಟಿ ಕಿತ್ತ ಮೇಲೆ ಮೇಲಿನ ಇಟ್ಟಿಗೆ ಎಷ್ಟು ದಿನ ನಿಂತೀತು? ಬಾಗಿಲು ಮೊದಲು ಹೋಗಿ ಮನೆ ಆಮೇಲೆ ಬೀಳುವುದರ ಹಿಂದೆ ಈ ಸರಳ ಕಾರಣವಿದೆ.

ಗಾರೆಯ ಶಿಲ್ಪಗಳ ಪಾಡು ಇನ್ನೂ ಬೇರೆ. ಇಟ್ಟಿಗೆಯನ್ನು ಗೋಡೆಯಿಂದ ಹೊರಕ್ಕೆ ಚಾಚಿ, ಅದರ ಮೇಲೆ ಅರೆದ ಸುಣ್ಣ ಮತ್ತು ನುಣ್ಣನೆಯ ಮರಳನ್ನು ಪದರ ಪದರವಾಗಿ ಹಚ್ಚಿ, ಹಸಿ ಇರುವಾಗಲೇ ಕರಣೆಯ ತುದಿಯಲ್ಲಿ ರೂಪ ಕೊಡುವ ಕೆಲಸ ಅದು. ಗಾರೆ ಗಟ್ಟಿಯಾಗಲೆಂದು ಬೆಲ್ಲದ ನೀರು, ಅಣಲೆಕಾಯಿಯ ಕಷಾಯ ಸೇರಿಸುತ್ತಿದ್ದರು. ಈ ಗೊಂಬೆಗಳು ಗೋಡೆಯ ಮೈಯಿಂದಲೇ ಮೂಡಿದವು, ಕಿತ್ತು ಒಯ್ಯಲು ಬರುವುದಿಲ್ಲ. ಆದ್ದರಿಂದ ಅವಕ್ಕೆ ಮಾರುಕಟ್ಟೆಯೂ ಇಲ್ಲ. ಮರಕ್ಕೆ ಬೆಲೆ ಇದೆ, ಆದ್ದರಿಂದ ಊರು ಬಿಟ್ಟು ಹೋಗುತ್ತದೆ. ಗಾರೆಗೆ ಬೆಲೆ ಇಲ್ಲ, ಆದ್ದರಿಂದ ಕಲ್ಲುಮಣ್ಣಿನ ರಾಶಿಯಾಗಿ ಟ್ರ್ಯಾಕ್ಟರ್ ಹತ್ತುತ್ತದೆ. ಪತ್ರಿಕೆಗಳಲ್ಲಿ ಬಾಗಿಲಿನ ಕಳವಳ ಕೇಳಿಬರುವಷ್ಟು ಗಾರೆಯದ್ದು ಕೇಳಿಬರುವುದಿಲ್ಲ. ನನ್ನ ಲೆಕ್ಕದಲ್ಲಿ ಹೆಚ್ಚು ಅವಸರ ಬೇಕಾದದ್ದು ಗಾರೆಗೆ. ಕಿತ್ತ ಬಾಗಿಲು ಎಲ್ಲೋ ಒಂದು ಕಡೆ ಬದುಕಿರಬಹುದು, ಬಿದ್ದ ಗಾರೆ ಎಲ್ಲಿಯೂ ಇಲ್ಲ.

ಮೂರು ಕಾಯ್ದೆ, ಒಂದು ಕುರುಡು

ಕಾನೂನಿನ ವಿಷಯಕ್ಕೆ ಬರೋಣ. ಹಳೆಯ ಕಟ್ಟಡ ಎಂದ ಕೂಡಲೇ ಎಲ್ಲರೂ ಹೇಳುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ಅದು ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ. ಮಹಾರಾಷ್ಟ್ರಕ್ಕೆ ತನ್ನದೇ ಸ್ಮಾರಕ ಕಾಯ್ದೆಯೂ ಇದೆ. ಎರಡೂ ಒಂದೊಂದು ಕಟ್ಟಡವನ್ನು ಹೆಸರಿಸಿ ರಕ್ಷಿಸುವ ಕಾಯ್ದೆಗಳು. ಕೋಟೆ, ಗುಡಿ, ಗೋರಿಗಳಿಗೆ ಹೇಳಿ ಮಾಡಿಸಿದವು. ಹತ್ತಿ ವರ್ತಕನ ಮನೆ ಆ ಪಟ್ಟಿಗೆ ಏರುವುದು ಅಪರೂಪ. ಏರಿದರೂ ಅಲ್ಲಿ ಜನ ವಾಸವಿದ್ದರೆ ಬೇರೆ ತೊಡಕು.

ಹೆಚ್ಚು ಕುತೂಹಲದ್ದು 1972ರ ಪುರಾತನ ವಸ್ತುಗಳ ಮತ್ತು ಕಲಾಸಂಪತ್ತಿನ ಕಾಯ್ದೆ. 1976ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕುಶಲಕೃತಿ ಪುರಾತನ ವಸ್ತು. ಅದರ ವ್ಯಾಖ್ಯೆಯಲ್ಲಿ ಇನ್ನೊಂದು ಸಾಲಿದೆ: ಕಟ್ಟಡದಿಂದ ಅಥವಾ ಗುಹೆಯಿಂದ ಬೇರ್ಪಡಿಸಿದ ಯಾವುದೇ ವಸ್ತು. ಈ ಸಾಲನ್ನು ವಾಡೆಯ ಬಾಗಿಲ ಮುಂದೆ ನಿಂತು ಓದಬೇಕು. ಗೋಡೆಯಲ್ಲಿರುವಾಗ ಬಾಗಿಲು ಕಟ್ಟಡದ ಒಂದು ಭಾಗ, ಅಂದರೆ ಪಾಲಿಕೆಯ ವಿಷಯ. ಅದು ಪುರಾತನ ವಸ್ತುವಾಗಿ ಕಾಯ್ದೆಯ ಕಣ್ಣಿಗೆ ಬೀಳುವುದು ಕಿತ್ತ ಮೇಲೆ. ಹಾನಿ ಆದ ಮೇಲೆಯೇ ರಕ್ಷಣೆ ಆರಂಭ. ಆ ರಕ್ಷಣೆಯಾದರೂ ಎಂಥದ್ದು? ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ದೇಶದೊಳಗೆ ಸೊಲ್ಲಾಪುರದ ಬಾಗಿಲು ಮುಂಬಯಿಯ ಓಶಿವರಾ ಪೀಠೋಪಕರಣ ಪೇಟೆಗೋ ಕೊಚ್ಚಿಯ ಮಟ್ಟಾಂಚೇರಿಗೋ ಹೋಗಿ ಯಾವುದೋ ರೆಸಾರ್ಟಿನ ಸ್ವಾಗತ ಕೋಣೆಯ ಮೇಜಾಗುವುದಕ್ಕೆ ಅಡ್ಡಿಯಿಲ್ಲ.

ನೂರು ವರ್ಷದ ಗೆರೆಯೂ ಯೋಚಿಸಬೇಕಾದದ್ದು. ಅದು ನಿಂತ ಗೆರೆಯಲ್ಲ, ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. 1924ರಲ್ಲಿ ಕೆತ್ತಿದ ಬಾಗಿಲು 2024ರಲ್ಲಿ ಅದರೊಳಗೆ ಬಂತು. 1928ರದ್ದು 2028ರ ತನಕ ಹೊರಗೇ. ಸೊಲ್ಲಾಪುರದ ಗಾರೆ ಮುಖಗಳು ಒಂದೊಂದಾಗಿ ಗೆರೆ ದಾಟುತ್ತಿರುವ ಕಾಲ ಇದೇ, ಅವು ಉರುಳುತ್ತಿರುವ ಕಾಲವೂ ಇದೇ. ಜೊತೆಗೆ ವಯಸ್ಸಿನ ಪುರಾವೆಯ ಪ್ರಶ್ನೆ. ಇಸವಿಯನ್ನು ಬರೆಸುವುದಿದ್ದರೆ ಬರೆಸುತ್ತಿದ್ದದ್ದು ಮುಂಗೋಡೆಯ ನೆತ್ತಿಯ ಗಾರೆಯಲ್ಲಿ. ಮರದ ಬಾಗಿಲಿನ ಮೇಲೆ ಇಸವಿ ಕಾಣುವುದು ಅಪರೂಪ. ಗೋಡೆ ಕೆಡವಿದ ಮೇಲೆ ಬಾಗಿಲಿಗೆ ನೂರು ತುಂಬಿದೆಯೇ ಇಲ್ಲವೇ ಎಂದು ತೋರಿಸುವ ಸಾಕ್ಷಿಯೂ ಕಲ್ಲುಮಣ್ಣಿನ ರಾಶಿಯಲ್ಲಿ ಹೋಗಿರುತ್ತದೆ.

ಮೂರನೆಯದು ನಗರ ಯೋಜನೆಯ ದಾರಿ. ಇದು ನಿಜಕ್ಕೂ ಕೆಲಸಕ್ಕೆ ಬರುವಂಥದ್ದು. 1995ರಲ್ಲಿ ಮುಂಬಯಿಗೆ ಪರಂಪರೆ ಕಟ್ಟಡಗಳ ನಿಯಮಗಳು ಬಂದವು, ದೇಶದಲ್ಲೇ ಮೊದಲು. ಕಟ್ಟಡಗಳನ್ನು ಮೂರು ದರ್ಜೆಗಳಲ್ಲಿ ಪಟ್ಟಿ ಮಾಡಿ, ಮೇಲಿನ ದರ್ಜೆಯದಕ್ಕೆ ಹೆಚ್ಚು ಕಟ್ಟು, ಕೆಳಗಿನದಕ್ಕೆ ಹೆಚ್ಚು ಸಡಿಲ ಎಂಬ ವ್ಯವಸ್ಥೆ. ಮೂರನೆಯ ದರ್ಜೆಯ ಮನೆಯನ್ನು ಒಳಗೆ ಬದಲಾಯಿಸಿಕೊಳ್ಳಬಹುದು, ಬೀದಿಗೆ ಕಾಣುವ ಗುಣ ಕೆಡಬಾರದು. ಇದರ ದೊಡ್ಡ ಲಾಭ ಏನೆಂದರೆ ಅರಸರ ಮನೆಯಾಗಿರಬೇಕಿಲ್ಲ, ಸ್ಮಾರಕವಾಗಿರಬೇಕಿಲ್ಲ, ಬೀದಿಯ ಮುಖವಾಗಿದ್ದರೆ ಸಾಕು. ರಾಜ್ಯದ ಹೆಚ್ಚಿನ ನಗರಗಳಿಗೆ ಅನ್ವಯಿಸುವ 2020ರ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಲ್ಲೂ ಪರಂಪರೆ ಕಟ್ಟಡಗಳಿಗೆ ಜಾಗವಿದೆ. ಕಟ್ಟಲಾಗದೆ ಉಳಿದ ಮಹಡಿಗಳ ಹಕ್ಕನ್ನು ಮಾಲೀಕರು ಬೇರೆಯವರಿಗೆ ಮಾರಿಕೊಳ್ಳುವ ಏರ್ಪಾಡೂ ಇದರ ಜೊತೆಗೇ ಬರುತ್ತದೆ. ಆದರೆ ಈ ಹಕ್ಕಿಗೆ ಬೆಲೆ ಬರುವುದು ಜಾಗಕ್ಕೆ ಹಾಹಾಕಾರವಿರುವ ಮುಂಬಯಿಯಂಥ ಊರಿನಲ್ಲಿ. ಸೊಲ್ಲಾಪುರದ ಹೊರವಲಯದಲ್ಲಿ ನಿವೇಶನಗಳು ಬೇಕಾದಷ್ಟಿರುವಾಗ ಈ ಹಕ್ಕುಪತ್ರವನ್ನು ಯಾರು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ? ಮುಂಬಯಿಯ ಔಷಧ ಇಲ್ಲಿ ಅಷ್ಟಾಗಿ ನಾಟುವುದಿಲ್ಲ. ಇಲ್ಲಿಗೆ ಬೇಕಾದದ್ದು ದುರಸ್ತಿಗೆ ನೇರ ನೆರವು.

ಹದಿನೆಂಟು ಪಾಲುದಾರರ ಗಣಿತ

ಒಂದು ಸಾಧಾರಣ ವಾಡೆಯ ಸ್ಥಿತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಗರ ಭೂಮಾಪನ ಕಚೇರಿಯ ಆಸ್ತಿ ಪತ್ರದಲ್ಲಿ ಇನ್ನೂ ಮುತ್ತಜ್ಜನ ಹೆಸರು. ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲ ಸೇರಿ ಹದಿನೆಂಟು ಪಾಲು. ಮುಂದಿನ ಪಡಸಾಲೆಯಲ್ಲಿ ಎರಡು ತಲೆಮಾರಿನಿಂದ ಒಬ್ಬ ಬಾಡಿಗೆದಾರರು. 1947ರ ಮುಂಬಯಿ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತ್ತು. 2000ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ವರ್ಷಕ್ಕೆ ಶೇ 4ರಂತೆ ಏರಿಸಲು ಬಿಟ್ಟಿತು. ಕೆಲವೇ ರೂಪಾಯಿಯಿಂದ ಹೊರಟ ಬಾಡಿಗೆ ಶೇ 4ರ ಏರಿಕೆಯಲ್ಲಿ ಎಲ್ಲಿಗೆ ಮುಟ್ಟೀತು? ಒಂದು ಜಂತಿ ಬದಲಿಸುವ ಖರ್ಚಿಗೂ ವರ್ಷದ ಬಾಡಿಗೆ ಸಾಲುವುದಿಲ್ಲ. ಬಾಡಿಗೆದಾರರದ್ದೂ ತಪ್ಪಿಲ್ಲ, ಅವರ ಬದುಕು ಅಲ್ಲಿದೆ.

ಇಂಥ ಮನೆಯನ್ನು ಮಾರಬೇಕೆಂದರೆ ಹದಿನೆಂಟು ಸಹಿ ಬೇಕು. ದುರಸ್ತಿ ಮಾಡಬೇಕೆಂದರೆ ಒಬ್ಬರು ಕೈಯಿಂದ ಹಣ ಹಾಕಬೇಕು, ಲಾಭ ಹದಿನೆಂಟು ಜನಕ್ಕೆ. ಆದರೆ ಬಾಗಿಲು ಮಾರಲು ಬೇಕಾದದ್ದು ಒಂದು ಬೀಗದ ಕೈ. ಯಾರ ಬಳಿ ಕೀಲಿಯಿದೆಯೋ ಅವರ ಕಷ್ಟಕಾಲದಲ್ಲಿ ವ್ಯಾಪಾರಿ ಬಂದು ನಗದು ಎಣಿಸಿದರೆ ಬಾಗಿಲು ರಾತ್ರೋರಾತ್ರಿ ಇಳಿಯುತ್ತದೆ. ಬೆಲೆ ಕಟ್ಟುವುದು ಹಳೆಯ ಸಾಗವಾನಿಯ ಲೆಕ್ಕದಲ್ಲಿ, ಕೆತ್ತನೆಯ ಲೆಕ್ಕದಲ್ಲಲ್ಲ. ಕೆತ್ತನೆಯ ಬೆಲೆ ಕೈ ಬದಲಾದ ಮೇಲೆ ಶುರುವಾಗುತ್ತದೆ.

ಈ ಗಣಿತಕ್ಕೆ ಪಾಲಿಕೆಯ ನೋಟಿಸು ಕೊನೆಯ ಸಾಲು ಬರೆಯುತ್ತದೆ. ಮಹಾನಗರ ಪಾಲಿಕೆ ಕಾಯ್ದೆಯ 264ನೇ ಕಲಮಿನಡಿ ಅಪಾಯಕಾರಿ ಕಟ್ಟಡವನ್ನು ತೆರವು ಮಾಡಿಸಬಹುದು. 2015ರಿಂದ ರಾಜ್ಯದಲ್ಲಿ ಇಂಥ ಕಟ್ಟಡಗಳನ್ನು ಸಿ-1, ಸಿ-2ಎ, ಸಿ-2ಬಿ, ಸಿ-3 ಎಂದು ವಿಂಗಡಿಸುವ ಪದ್ಧತಿಯಿದೆ: ಸಿ-1 ಎಂದರೆ ಕೂಡಲೇ ಕೆಡವುವಂಥದ್ದು, ಸಿ-2ಎ ಎಂದರೆ ಖಾಲಿ ಮಾಡಿ ರಿಪೇರಿ ಮಾಡುವಂಥದ್ದು, ಹೀಗೆ. ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಇಂಜಿನಿಯರರ ತಪಾಸಣೆಯೂ ಕಡ್ಡಾಯ. ಜನರ ಜೀವದ ವಿಷಯವಾದ್ದರಿಂದ ಇದನ್ನೆಲ್ಲ ಹಗುರವಾಗಿ ಕಾಣಬಾರದು. ಆದರೆ ಈ ತಪಾಸಣೆಯ ಉಪಕರಣಗಳು, ಸುತ್ತಿಗೆ ಪುಟಿತದ ಪರೀಕ್ಷೆಯಿಂದ ಧ್ವನಿ ತರಂಗದ ಪರೀಕ್ಷೆಯವರೆಗೆ, ಕಾಂಕ್ರೀಟನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಸುಣ್ಣ, ಇಟ್ಟಿಗೆ, ಬಿಳಿಮಣ್ಣು, ಸಾಗವಾನಿ ಕೂಡಿದ ಮನೆಗೆ ಅವುಗಳಿಂದ ಸಿಗುವ ಉತ್ತರ ಒಂದೇ. ಸಿ-2ಎಗೆ ಸೇರಬೇಕಾದ ಮನೆ ಸಿ-1ಕ್ಕೆ ಜಾರಲು ಇಷ್ಟು ಸಾಕು. ಸಿ-1 ಬಂದರೆ ಬಾಡಿಗೆದಾರರು ಹೊರಗೆ, ಸಹಿ ಹಾಕದ ಪಾಲುದಾರರ ಮೇಲೆ ಒತ್ತಡ, ಡೆವಲಪರ್ ಒಳಗೆ. ಕೆಡವುವುದೇ ಎಲ್ಲರಿಗೂ ಅಗ್ಗದ ದಾರಿಯಾಗುವಂತೆ ನಿಯಮಗಳೇ ಹೆಣೆದುಕೊಂಡಿವೆ. ಇದರಲ್ಲಿ ಯಾರೊಬ್ಬರ ಕೆಟ್ಟತನವೂ ಬೇಕಾಗಿಲ್ಲ.

ಕಿಲ್ಲಾರಿಯ ನೆರಳು

ಹಳೆಯ ಮನೆಯ ಬಗ್ಗೆ ಈ ಸೀಮೆಯ ಜನರಲ್ಲಿರುವ ಭಯಕ್ಕೆ ಒಂದು ತಾರೀಖಿದೆ: 1993ರ ಸೆಪ್ಟೆಂಬರ್ 30. ಅಂದು ನಸುಕಿನಲ್ಲಿ ಲಾತೂರು ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳ ಕಿಲ್ಲಾರಿ ಸುತ್ತಮುತ್ತ ನೆಲ ನಡುಗಿ 7,500ಕ್ಕೂ ಹೆಚ್ಚು ಜನ ಸತ್ತರು. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲೂ ಜನ ಬೀದಿಗೆ ಓಡಿಬಂದಿದ್ದರು. ಅಂದಿನಿಂದ ಕಲ್ಲುಮಣ್ಣಿನ ಮನೆ ಎಂದರೆ ಸಾವು ಎಂಬ ಮಾತು ಊರೂರಿನಲ್ಲಿ ನಿಂತುಬಿಟ್ಟಿತು. ಆ ಭಯವನ್ನು ಗೌರವಿಸದೆ ಪರಂಪರೆಯ ಮಾತಾಡುವವರ ಮೇಲೆ ನನಗೆ ನಂಬಿಕೆಯಿಲ್ಲ.

ಆದರೆ ಕಿಲ್ಲಾರಿಯಲ್ಲಿ ಬಿದ್ದದ್ದು ಏನು? ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆಗಳು. ಒಳಪದರ ಮತ್ತು ಹೊರಪದರವನ್ನು ಹಿಡಿದಿಡುವ ಅಡ್ಡಗಲ್ಲುಗಳಿಲ್ಲದೆ ಅವು ಎರಡಾಗಿ ಸೀಳಿದವು. ತಲೆಯ ಮೇಲೆ ಮಣ್ಣಿನ ಮಾಳಿಗೆಯ ದೊಡ್ಡ ಭಾರ ಬೇರೆ. ಅದೇ ಊರುಗಳಲ್ಲಿ ಕಂಬ, ತೊಲೆ, ಜಂತಿಗಳ ಮರದ ಕಟ್ಟು ಗಟ್ಟಿಯಾಗಿದ್ದ ಮನೆಗಳಲ್ಲಿ ಗೋಡೆ ಉರುಳಿದರೂ ಮರದ ಚೌಕಟ್ಟು ನಿಂತದ್ದನ್ನು ಇಂಜಿನಿಯರುಗಳು ದಾಖಲಿಸಿದ್ದಾರೆ. ಪೇಟೆಯ ವಾಡೆಗಳು ಬಹುಪಾಲು ಈ ಎರಡನೆಯ ಜಾತಿಯವು: ಮರದ ಚೌಕಟ್ಟು, ನಡುವೆ ಇಟ್ಟಿಗೆ ತುಂಬು. ಮಾಳಿಗೆಯ ಮಣ್ಣಿನ ಭಾರ ಇಳಿಸಿ, ಗೋಡೆಗಳ ಮೂಲೆಗಳನ್ನು ಒಂದಕ್ಕೊಂದು ಬಿಗಿದು, ಕೊಳೆತ ಕಂಬದ ಬುಡ ಬದಲಿಸಿದರೆ ಇವುಗಳ ಆಯಸ್ಸು ಹೆಚ್ಚುತ್ತದೆ. ಭೂಕಂಪ ಕಲಿಸಿದ ಪಾಠದ ಅರ್ಧ ಭಾಗ ಮಾತ್ರ ನಮ್ಮ ಕಿವಿಗೆ ಬಿತ್ತು.

ಮನೆಗಳನ್ನು ನಿಜವಾಗಿ ಕೊಲ್ಲುತ್ತಿರುವುದು ನೆಲ ನಡುಗುವುದಲ್ಲ, ನೀರು. ಪ್ರತಿ ಸಲ ಡಾಂಬರು, ಕಾಂಕ್ರೀಟು ಹಾಕಿದಾಗ ರಸ್ತೆ ಒಂದಿಷ್ಟು ಮೇಲೇರುತ್ತದೆ. ಮೂರು ಮೆಟ್ಟಿಲು ಹತ್ತಿ ಹೋಗಬೇಕಿದ್ದ ಹೊಸ್ತಿಲು ರಸ್ತೆಯ ಮಟ್ಟಕ್ಕೆ, ಆಮೇಲೆ ಅದಕ್ಕೂ ಕೆಳಗೆ ಇಳಿಯುತ್ತದೆ. ಮಳೆನೀರು ಬಾಗಿಲವಾಡದ ಬುಡದಲ್ಲಿ ನಿಲ್ಲುತ್ತದೆ, ಗೆದ್ದಲು ಬರುತ್ತದೆ. ಬುಡ ಕೊಳೆತದ್ದನ್ನು ಮುಚ್ಚಲು ಮನೆಯವರು ಸಿಮೆಂಟು ಮೆತ್ತುತ್ತಾರೆ. ಸಿಮೆಂಟು ಉಸಿರಾಡುವುದಿಲ್ಲ, ಗೋಡೆಯ ತೇವ ಹೊರಬರುವ ದಾರಿ ಕಟ್ಟಿ ಅದನ್ನು ಮರದ ತುದಿಗಳತ್ತ ತಳ್ಳುತ್ತದೆ, ಉಪ್ಪು ಮೇಲೆದ್ದು ಗಾರೆ ಪುಡಿಯಾಗುತ್ತದೆ. ಕೆತ್ತನೆಯ ಮೇಲೆ ವರ್ಷ ವರ್ಷ ಬಳಿದ ಎಣ್ಣೆಬಣ್ಣ ಗಿಳಿಯ ಕೊಕ್ಕು, ಹೂವಿನ ಎಸಳು ಎಲ್ಲವನ್ನೂ ತುಂಬಿ ಮೊಂಡಾಗಿಸುತ್ತದೆ. ಪ್ರೀತಿಯಿಂದ ಮಾಡಿದ ಕೆಲಸವೇ ಹೀಗೆ ಕೆಡುಕಾಗುವುದನ್ನು ನೋಡುವುದು ಸಂಕಟದ ವಿಷಯ. ಆ ಮನೆಯವರಿಗೆ ಸುಣ್ಣದ ಕೆಲಸ ಗೊತ್ತಿರುವ ಒಬ್ಬ ಗೌಂಡಿಯ ವಿಳಾಸ ಕೊಡುವವರು ಯಾರೂ ಇರಲಿಲ್ಲ.

ಎತ್ತಿಕೊಂಡು ಹೋಗಿ ಉಳಿಸುವುದು

ಬಾಗಿಲುಗಳನ್ನು ಸಂಗ್ರಹಾಲಯಕ್ಕೆ ಒಯ್ದು ಉಳಿಸಬಾರದೇ ಎಂದು ಕೇಳುವವರಿದ್ದಾರೆ. ಪುಣೆಯ ಕೇಳ್ಕರ್ ಸಂಗ್ರಹಾಲಯದಲ್ಲಿ ಕೆತ್ತನೆಯ ಬಾಗಿಲು, ಕಿಟಕಿಗಳ ಒಳ್ಳೆಯ ಸಂಗ್ರಹವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಅವರ ಶ್ರದ್ಧೆಗೆ ನಮಸ್ಕಾರ. ಬೀಳುವುದು ಖಚಿತವಾದ ಮನೆಗೆ ಅದು ಸರಿಯಾದ ಕೊನೆಯ ದಾರಿ. ಆದರೆ ನಗರದ ಓಣಿಗೆ ಅದನ್ನೇ ನೀತಿಯಾಗಿ ಮಾಡಿಕೊಂಡರೆ ಕೀಳುವುದಕ್ಕೆ ಒಂದು ಗೌರವದ ಹೆಸರು ಸಿಕ್ಕಂತಾಗುತ್ತದೆ, ಅಷ್ಟೆ. ಬೀದಿಯ ಮುಖ ಬೀದಿಯಲ್ಲಿರಬೇಕು.

ಅಹಮದಾಬಾದಿನ ಪೋಳಗಳು, ಅಂದರೆ ಹಳೆಯ ವಸತಿ ಓಣಿಗಳು, 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಅಲ್ಲಿ ಜನ ಇನ್ನೂ ವಾಸವಿರುವ ಮರದ ಮನೆಗಳ ಸಾಲುಗಳಿಂದಾಗಿ. ಸೊಲ್ಲಾಪುರಕ್ಕೆ ಯುನೆಸ್ಕೊ ಬೇಕಿಲ್ಲ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ಊರುಗಳಲ್ಲಿ ಇದೂ ಒಂದಾಗಿತ್ತು. ಆ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಈಗ ಉಳಿದಿರುವುದು ಪಾಲಿಕೆಯ ದಿನನಿತ್ಯದ ಅಧಿಕಾರಗಳು. ಅವು ಕಡಿಮೆಯೇನಲ್ಲ. ಅಪಾಯದ ನೋಟಿಸು ಕೊಡುವ ಮೊದಲು ಮುಂಗೋಡೆಯ ಅಳತೆ ಸಹಿತ ನಕ್ಷೆ ಮತ್ತು ಚಿತ್ರ ತೆಗೆಯುವುದನ್ನು ಕಡ್ಡಾಯ ಮಾಡಬಹುದು. ಇದರಿಂದ ಬಾಗಿಲಿನ ವಯಸ್ಸಿಗೂ ಜಾಗಕ್ಕೂ ದಾಖಲೆ ಸಿಗುತ್ತದೆ, ಕದ್ದು ಸಾಗಿಸಿದರೆ ಗುರುತು ಹಿಡಿಯಲು ಬರುತ್ತದೆ. ಮರ ಮತ್ತು ಸುಣ್ಣದ ಮನೆಗಳ ತಪಾಸಣೆಗೆ ಆ ಕೆಲಸ ಬಲ್ಲ ಇಂಜಿನಿಯರರ ಬೇರೆ ಪಟ್ಟಿ ಮಾಡಬಹುದು. ಮುಖ ಉಳಿಸಿಕೊಂಡ ಮನೆಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಕೊಡಬಹುದು. ಪಾಲಿಕೆಗೆ ಹೋಗುವ ಹಣ ಚಿಲ್ಲರೆ, ಪಾಲುದಾರರ ಮಾತುಕತೆಯಲ್ಲಿ ಉಳಿಸೋಣ ಎನ್ನುವವರ ಕೈಗೆ ಒಂದು ಆಧಾರ ಸಿಗುತ್ತದೆ.

ಕುಶಲಕರ್ಮಿಗಳ ಪ್ರಶ್ನೆಗೂ ಉತ್ತರ ಇಲ್ಲದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗರೂ ಗೌಂಡಿಗಳೂ ಶಿಲ್ಪಿಗಳೂ ಇದ್ದಾರೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಸಿಗುತ್ತವೆ. ಆ ತರಬೇತಿಯಲ್ಲಿ ಹಳೆಯ ಬಾಗಿಲವಾಡದ ಬುಡ ಕತ್ತರಿಸಿ ಹೊಸ ಮರ ಬೆಸೆಯುವುದು, ಸುಣ್ಣ ಅರೆಯುವುದು ಸೇರಿದರೆ ಇಲ್ಲಿಯ ಹುಡುಗರಿಗೆ ಇಲ್ಲೇ ಕೆಲಸವಿದೆ. ಕನ್ನಡದ ಓದುಗರಿಗೆ ಇದರಲ್ಲಿ ಪಾಲಿಲ್ಲವೆಂದು ತಿಳಿಯಬೇಕಿಲ್ಲ. ಇಲ್ಲಿಂದ ನೂರು ಕಿಲೋಮೀಟರು ದೂರದ ವಿಜಯಪುರದಲ್ಲೂ, ಅಥಣಿ, ಜಮಖಂಡಿಗಳಲ್ಲೂ ಇದೇ ಮರ, ಇದೇ ಸುಣ್ಣ. ಕರ್ನಾಟಕದ ಪರಂಪರೆಯ ಬರಹ ಗಡಿಕಲ್ಲಿನ ಬಳಿ ನಿಲ್ಲುತ್ತದೆ, ಮರಾಠಿಯ ವಾಡೆ ಅಧ್ಯಯನ ಪುಣೆ ದಾಟಿ ಬರುವುದು ಕಡಿಮೆ. ನಡುವೆ ಉಳಿದ ಈ ಮನೆಗಳನ್ನು ಎರಡೂ ಕಡೆಯವರು ಬರೆದಿಟ್ಟದ್ದು ಬಹಳ ಕಡಿಮೆ.

ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದರೆ ನನ್ನ ಉತ್ತರ ನಂದಿಧ್ವಜದ ದಾರಿ. ಹಿರೇಹಬ್ಬು ವಾಡೆಯಿಂದ ಸಿದ್ಧೇಶ್ವರ ಗುಡಿಯವರೆಗಿನ ಮುಂಗೋಡೆಗಳನ್ನು ಒಂದೇ ಪರಂಪರೆ ವಲಯವಾಗಿ ಘೋಷಿಸಲು ಹೊಸ ಕಾಯ್ದೆ ಬೇಕಾಗಿಲ್ಲ. ಜಾತ್ರೆಗೆ ಮುನ್ನ ಪಾಲಿಕೆ ಹೇಗೂ ಈ ದಾರಿಯ ದುರಸ್ತಿ ಮಾಡಿಸುತ್ತದೆ. ಆ ಕೆಲಸದ ಟೆಂಡರಿನಲ್ಲಿ ಎರಡು ಷರತ್ತು ಸೇರಿಸಲಿ: ಹೊಸ ಪದರ ಹಾಕುವ ಮೊದಲು ಹಳೆಯ ಪದರ ಕೆರೆದು ತೆಗೆದು ರಸ್ತೆಯನ್ನು ಹೊಸ್ತಿಲಿನ ಕೆಳಗೆ ಇಳಿಸುವುದು, ಮತ್ತು ದಾರಿಯುದ್ದಕ್ಕೂ ಮನೆಗಳ ಮುಂದೆ ನೀರು ಹೋಗುವ ಚರಂಡಿ ಬಿಡುವುದು.